ಅವರು ಬಿಟ್ಟ ಆರ್ಟಿಚೋಕ್

ಹೈದರಾಬಾದಿನಿಂದ ಸುರಪುರಕ್ಕೆ ಬಂದ ನಾದಿನಿ ಆರ್ಟಿಚೋಕ್ ಎಂಬ ವಿದೇಶಿ ತರಕಾರಿ ನಾಲ್ಕು ತಂದಿದ್ದಳು. ನೋಡಲು ಹಸಿರು ತಾವರೆ ಮೊಗ್ಗು, ಎಸಳು ಮಾತ್ರ ತೊಗಲಿನಷ್ಟು ಗಟ್ಟಿ. ಹೇಗೆ ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ. ನನಗೆ ಬರುವುದು ಬದನೆಕಾಯಿ ಎಣ್ಣೆಗಾಯಿ. ಹಾಗೆಯೇ ಎಸಳುಗಳ ನಡುವೆ ಶೇಂಗಾ, ಗುರೆಳ್ಳಿನ ಪುಡಿ ತುಂಬಿ ಬೇಯಿಸಿದೆ.

ನಮ್ಮ ಮನೆಯಲ್ಲಿ ಸೊಸೆ ಎಲ್ಲರೂ ಉಂಡ ಮೇಲೆಯೇ ಉಣ್ಣಬೇಕು. ಗಂಡ ಎಸಳನ್ನು ರೊಟ್ಟಿ ಜೊತೆ ಅಗಿದು ಅಗಿದು, ನಾರನ್ನು ತಟ್ಟೆಗೆ ಉಗುಳಿದ. “ದನಕ್ಕ ಹಾಕು ಇದನ್ನ” ಅಂದ. ನಾದಿನಿ ನಾಲ್ಕು ಎಸಳು ಕಿತ್ತು ಬದಿಗಿಟ್ಟಳು. ಅತ್ತೆ ಮುಟ್ಟಲೇ ಇಲ್ಲ. “ಇಪ್ಪತ್ತು ವರ್ಷ ಆತು, ಇಕಿಗಿ ಇನ್ನಾ ಅಡಗಿ ಬರಂಗಿಲ್ಲ” ಅಂದಳು.

ಎಲ್ಲರೂ ಎದ್ದು ಹೋದ ಮೇಲೆ ನನ್ನ ಪಾಲಿನದನ್ನು ಒಂದೊಂದೇ ಎಸಳು ಬಿಡಿಸುತ್ತ ಹೋದೆ. ಒಳಗೆ ಕೂದಲಿನಂಥ ಎಳೆಗಳಿದ್ದವು. ಚಮಚದಿಂದ ಕೆರೆದು ತೆಗೆದರೆ, ತಳದಲ್ಲಿ ಬೆಣ್ಣೆಯಷ್ಟು ಮೆತ್ತನೆಯ ತಿರುಳು, ಮಸಾಲೆಯನ್ನೆಲ್ಲ ಹೀರಿಕೊಂಡಿತ್ತು. ಅಂಥ ರುಚಿ ನಾನು ಕಂಡಿರಲಿಲ್ಲ. ಅವರು ಬಿಟ್ಟ ಮೂರನ್ನೂ ಹಾಗೆಯೇ ಕೆರೆದು ತಿಂದೆ.

“ಎಲ್ಲಾ ತಿಪ್ಪಿಗಿ ಒಗದಿ ಏನು?” ಅತ್ತೆ ಪಡಸಾಲೆಯಿಂದ ಕೇಳಿದಳು.

“ಹೂನ್ರಿ, ಒಗದೀನ್ರಿ” ಅಂದೆ.

ನಿಜ ಹೇಳಿದ್ದರೆ, ಮುಂದಿನ ಸಲ ಆ ತಿರುಳೂ ನನ್ನ ತಟ್ಟೆಗೆ ಬರುತ್ತಿರಲಿಲ್ಲ.