ಮುರಿದವರು ಎದ್ದು ಹೇಳಬೇಕು

ನನ್ನ ಗೆಳತಿಯ ಅಂಗೈಯಲ್ಲಿ ಭಾಗ್ಯರೇಖೆ ಬರೆದವನು ಅವಳ ಅಣ್ಣ. ಹಾಗೆಂದು ಅವಳೇ ಹೇಳಿ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅವನ ರೇಡಿಯೊ ಬಿಚ್ಚಿದಳೆಂದು, ಕಾದ ಬೆಸುಗೆ ಕಡ್ಡಿಯನ್ನು ಅಂಗೈಗೆ ಒತ್ತಿ ಎಳೆದಿದ್ದ. ಚರ್ಮ ಸುಟ್ಟ ವಾಸನೆ ನನಗೆ ನೆನಪಿದೆ. ನಾನು ಹೊಸ್ತಿಲಲ್ಲೇ ನಿಂತಿದ್ದೆ.

ಮುಂದೆ ಅವಳು ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಫೋನು, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಳು. ಶಾಲೆ ಬಿಟ್ಟ ಮೇಲೆ ಹಿಂದಿನ ಕೋಣೆಯಲ್ಲಿ ಹುಡುಗಿಯರಿಗೆ ಕಲಿಸುತ್ತಿದ್ದಳು. ಮುಟ್ಟಬೇಡ, ಹಾಳಾಗುತ್ತೆ ಎಂದು ಬೈಸಿಕೊಂಡೇ ಬೆಳೆದವರು. ಅವರಿಗೆಲ್ಲ ಅವಳು ಬೆಸುಗೆ ಅತ್ತೆ. ನಿಯಮ ಒಂದೇ: ಏನಾದರೂ ಸುಟ್ಟರೆ, ಮುರಿದರೆ, ಎದ್ದು ನಿಂತು ಹೇಳಬೇಕು. ಯಾರು, ಯಾವುದನ್ನು, ಹೇಗೆ. ಹೇಳಿದವಳಿಗೆ ಉಳಿದವರು ಚಪ್ಪಾಳೆ ತಟ್ಟಬೇಕು.

"ಬೈಯಲ್ವಾ ಅತ್ತೆ?" ಎಂದು ಕೇಳಿದವಳು ಬಡಗಿಯ ಮಗಳು. ದನಿಯೇ ಏಳದವಳೆಂದು ಅವಳಿಗೆ ಪಿಸು ಎಂದು ಹೆಸರಿಟ್ಟಿದ್ದರು.

"ಬೈದ್ರೆ ಸುಟ್ಟಿದ್ದನ್ನ ಬಚ್ಚಿಡ್ತೀಯ. ಆಮೇಲೆ ನಾನೇನು ರಿಪೇರಿ ಮಾಡ್ಲಿ, ನಿನ್ ತಲೇನಾ?"

ಕೆಲವು ವಾರಗಳಲ್ಲಿ ಪಿಸು ಸತ್ತ ಫೋನುಗಳನ್ನು ಎಬ್ಬಿಸತೊಡಗಿದಳು. ಒಂದು ಸಂಜೆ ತುಟಿ ಸೀಳಿಸಿಕೊಂಡು ಬಂದಳು.

"ಮೆಟ್ಟಿಲಿಂದ ಬಿದ್ದೆ."

"ಮೆಟ್ಟಿಲು ಉಂಗುರ ಹಾಕ್ಕೊಂಡಿತ್ತಾ?" ಗೆಳತಿ ಅವಳ ಕೆನ್ನೆಯ ಗುರುತು ನೋಡುತ್ತಿದ್ದಳು. ಹುಡುಗಿ ಸತ್ತ ಫೋನೊಂದನ್ನು ಎಳೆದುಕೊಂಡು ಬಿಚ್ಚತೊಡಗಿದಳು.

ಮರುದಿನ, ಬೇರೆ ಹುಡುಗಿಯರು ಬರುವ ಮೊದಲೇ, ಬಡಗಿ ಸುತ್ತಿಗೆ ಹಿಡಿದು ಬಂದ. "ಮನೇಲಿ ಪೊರಕೆ ಹಿಡಿಯೋಕೆ ಆಗಲ್ಲ, ಇಲ್ಲಿ ತಂತಿ ಹಿಡೀತಾಳೆ" ಎಂಬ ಮಾತು ಗೋಡೆಯಾಚೆ ನನಗೆ ಕೇಳಿಸಿತು. ಆಮೇಲೆ ಗಾಜು ಒಡೆಯುವ ಸದ್ದು. ನಾನು ಓಡುವಷ್ಟರಲ್ಲಿ ಕಂಪ್ಯೂಟರುಗಳೆಲ್ಲ ಚೂರಾಗಿದ್ದವು. ಅವನು ಮಗಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ದರದರ ಎಳೆಯುತ್ತ ಹೊರಗೆ ಬರುತ್ತಿದ್ದ. ಗೆಳತಿ ಮೇಜಿನ ಕೆಳಗೆ ಬಿದ್ದಿದ್ದಳು. ತಲೆಯ ಒಂದು ಪಕ್ಕ ಒಳಕ್ಕೆ ಕುಸಿದಿತ್ತು. ಹೊಲಿಯುತ್ತಿದ್ದ ಬಟ್ಟೆಯನ್ನೇ ಒತ್ತಿ ಹಿಡಿದೆ, ಅದು ತೊಯ್ದು ಬಿಸಿಯಾಯಿತು. ಆಂಬುಲೆನ್ಸ್ ಬರುವ ಮೊದಲೇ ಉಸಿರು ನಿಂತಿತು.

ಹೊಡೆದದ್ದನ್ನು ಕಂಡವಳು ಪಿಸು ಒಬ್ಬಳೇ. ಅವಳು ಸುಮ್ಮನಿದ್ದರೆ ಅವನು ಹೊರಗೆ.

ಕೋರ್ಟಿನ ಬಾಗಿಲಲ್ಲಿ ಅವಳ ದೊಡ್ಡಪ್ಪ ಅವಳ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ ಹಿಡಿದಿದ್ದ. "ಎಡವಿ ಮೇಜಿಗೆ ಬಿದ್ಳು ಅನ್ನು. ಅಪ್ಪನ್ನ ಒಳಗೆ ಹಾಕಿಸಿದ್ರೆ ಅನ್ನ ಹಾಕೋರ್ಯಾರು?" ಅವಳು ಹೂಂ ಎಂದಳು. ಆಗಲೂ ಅವನು ಬಿಡಲಿಲ್ಲ. ಬೆರಳು ಲಟಕ್ಕೆಂದಿತು.

ಆ ಬೆರಳನ್ನು ಎದೆಗೊತ್ತಿಕೊಂಡೇ ಕಟಕಟೆ ಹತ್ತಿದಳು. ಏನೋ ಪಿಸುಗುಟ್ಟಿದಳು.

"ಜೋರಾಗಿ ಹೇಳಮ್ಮ" ಎಂದರು ನ್ಯಾಯಾಧೀಶರು.

ಅವಳು ಹಿಂದಿನ ಬೆಂಚಿನಲ್ಲಿದ್ದ ನಮ್ಮ ಹುಡುಗಿಯರತ್ತ ನೋಡಿದಳು. "ನಮ್ಮಪ್ಪ. ಅತ್ತೆ ತಲೇನ. ಸುತ್ತಿಗೇಲಿ, ಒಂದ್ಸಲ. ಬಿದ್ಮೇಲೆ ಇನ್ನೊಂದ್ಸಲ."

ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ. ಪೇದೆ ಗದರಿದ. ನಾನೂ ತಟ್ಟುತ್ತಿದ್ದೆ.