ಮೆಟ್ಟಿಲ ದೀಪಕ್ಕೆ ಎರಡು ಸ್ವಿಚ್ಚು

ಮೊನ್ನೆ ನಮ್ಮ ಹಜಾರದ ಸ್ವಿಚ್ ಬೋರ್ಡು ಬಿಚ್ಚಿದಾಗ ಒಳಗಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಆ ವಾಸನೆಯ ಹಿಂದೆಯೇ ರಾಜಗೋಪಾಲನಗರದ ಬಾಡಿಗೆ ಕಟ್ಟಡ, ಅಲ್ಲಿ ನನ್ನ ಎದುರು ಮನೆಯಲ್ಲಿದ್ದ ಅಜ್ಜಿ...

ಕೊಪ್ಪಳದ ಕಡೆಯವರು. ಮಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ನಮ್ಮ ಮೆಟ್ಟಿಲಿಗೆ ಹಗಲಲ್ಲೂ ಬೆಳಕಿರಲಿಲ್ಲ. ದೀಪದ ಸ್ವಿಚ್ಚು ಕೆಳಗೆ ಮಾತ್ರ. ಹತ್ತಿದ ಮೇಲೆ ಆರಿಸಲು ಮತ್ತೆ ಇಳಿಯಬೇಕು. ಉರಿಯಲು ಬಿಟ್ಟರೆ ಓನರಮ್ಮನ ಬೈಗುಳ. ಹಾಗಾಗಿ ಎಲ್ಲರೂ ಕತ್ತಲಲ್ಲೇ ತಡಕುತ್ತಿದ್ದೆವು. ಅಜ್ಜಿಯ ಕಣ್ಣು ಮಂಜಾದಾಗ ಮಗ ಮೇಲೂ ಒಂದು ಸ್ವಿಚ್ಚು ಕೂರಿಸಿದ. ಕೆಳಗೆ ಹೊತ್ತಿಸಿ ಮೇಲೆ ಆರಿಸಬಹುದು. ಮೇಲೆ ಆರಿಸಿದ್ದನ್ನು ಕೆಳಗಿಂದ ಮತ್ತೆ ಹೊತ್ತಿಸಬಹುದು.

"ಮೊದ್ಲ ಒತ್ತು, ಆಮ್ಯಾಲ ಕಾಲಿಡು" ಎಂದು ತಾಯಿಗೆ ದಿನಾ ಪಾಠ ಹೇಳುತ್ತಿದ್ದ.

ಅಜ್ಜಿಗೆ ಅದು ಆಟವಾಯಿತು. ಯಾರೋ ಹತ್ತುತ್ತಿದ್ದರೆ ಮೇಲೆ ಕೂತು ಟಕ್ಕೆಂದು ಆರಿಸುವುದು.

"ಅಜ್ಜೀ, ಬಿದ್ರೆ ನೀವೇ ಎತ್ಬೇಕು!"

"ಎತ್ತಿ ಹೊರಗ ಒಗೀತೀನಿ, ಬಾರಲೇ!"

ಆ ಸಂಜೆ ದೀಪ ಮಿಣುಕುತ್ತಿತ್ತು. ಮಗ ಮೇಲಿನ ಸ್ವಿಚ್ಚು ಒತ್ತಿ ಆರಿಸಿ, ಸ್ಟೂಲು ಹತ್ತಿ, ಬಲ್ಬು ತೆಗೆದು ಹೋಲ್ಡರು ಬಿಚ್ಚಿದ. ಫ್ಯೂಸ್ ಕೀಳಬೇಕಿತ್ತು. ಅದು ಇದ್ದದ್ದು ಕೆಳಗೆ ಓನರ್ ಮನೆಯೊಳಗೆ; ಬಾಡಿಗೆಯವರು ಅಷ್ಟಕ್ಕೆಲ್ಲ ಆ ಬಾಗಿಲು ತಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಅಂಗಡಿಯಿಂದ ಬಂದರು. ಕೈಯಲ್ಲಿ ಮೆಂತ್ಯ ಸೊಪ್ಪಿತ್ತು ಎಂದು ನನ್ನ ನೆನಪು ಹೇಳುತ್ತದೆ. ನಾನು ನೋಡಿರಲಿಲ್ಲ, ಸೊಪ್ಪನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು. ಮಗ ಕಲಿಸಿದಂತೆ ಮೊದಲು ಕೆಳಗಿನ ಸ್ವಿಚ್ಚು ಒತ್ತಿದರು. ಬಲ್ಬಿಲ್ಲ, ಬೆಳಕು ಬರಲಿಲ್ಲ. ಸ್ಟೂಲು ಉರುಳಿದ್ದು ನನಗೆ ಕೇಳಿಸಿತು. ನಾನು ಬಾಗಿಲು ತೆಗೆಯುವ ಹೊತ್ತಿಗೆ ಅಜ್ಜಿ ತಡಕುತ್ತಾ ಮೇಲೆ ಬಂದಿದ್ದರು. ಮಗ ಅವರ ಕಾಲಿಗೆ ಸಿಕ್ಕಿದ್ದ.

ಏನಾಯಿತೆಂದು ಕಟ್ಟಡದಲ್ಲಿ ಎಲ್ಲರಿಗೂ ತಿಳಿಯಿತು. ಅಜ್ಜಿಗೆ ಮಾತ್ರ ಹೇಳುವುದು ಬೇಡ, ತಿಳಿದರೆ ಉಳಿಯುವುದಿಲ್ಲ ಎಂದು ಹಿರಿಯರು ಮಾತಾಡಿಕೊಂಡರು.

ಮಣ್ಣು ಮಾಡಿ ಬಂದು ಎಲ್ಲರೂ ಸುತ್ತ ಕೂತಿದ್ದಾಗ ಅಜ್ಜಿಯೇ ಕೇಳಿದರು: "ನಾ ಒತ್ತಿದ್ನಿರೀ. ದೀಪ ಹತ್ತಲಿಲ್ಲ. ಕರೆಂಟ ಇರಲಿಲ್ಲಂದ್ರ ಅಂವಗ ಹ್ಯಾಂಗ ಹೊಡೀತು?"

"ಕರೆಂಟ್ ಓಗಿತ್ತು ಕಣಜ್ಜಿ" ಎಂದರು ಓನರಮ್ಮ. "ಅವ್ನಿಗೆ ಎದೆ ನಿಂತೋಯ್ತು, ಅಷ್ಟೇಯ."

ಅಜ್ಜಿ ತಲೆಯಾಡಿಸಿದರು. ನಾವು ಉಸಿರು ಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ನೋಡದೆ, ಮೆಲ್ಲಗೆ ಅಂದರು: "ಮತ್ತ ನಿಮ್ಮ ಮನ್ಯಾಗ ಟಿವಿ ಹಾಡಾಕತ್ತಿತ್ತಲ್ರೀ, ಅಮ್ಮಾರ..."

ಅಜ್ಜಿ ತಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ಆ ತಿಂಗಳೇ ಊರಿಗೆ ಹೋದರು. ಅವರ ಮುಖ ಈಗ ಸರಿಯಾಗಿ ಮೂಡುವುದಿಲ್ಲ. ಒಮ್ಮೊಮ್ಮೆ ನನ್ನ ಸೋದರತ್ತೆಯ ಮುಖ ಬಂದು ಕೂರುತ್ತದೆ. ಇಷ್ಟು ವರ್ಷದ ಮೇಲೆ ಬದುಕಿರಲಾರರು. ಮಗನನ್ನು ಕಳೆದುಕೊಂಡಾಗ ಅವರ ಸುತ್ತ ಅಷ್ಟು ಜನರಿದ್ದೆವು. ಆದರೂ ಅವನು ಹೇಗೆ ಸತ್ತನೆಂಬುದನ್ನು ಅವರು ಒಬ್ಬರೇ ಕಂಡುಕೊಂಡರು.