ಅರ್ಧ ಮೂಟೆ ಶುಂಠಿಯ ಪಂದ್ಯ

ಸೊಂಟ ಹಿಡಿದುಕೊಳ್ಳಬಹುದಿತ್ತು. ಮಂಡಿ ಚಟಕ್ ಎನ್ನಬಹುದಿತ್ತು. ಬಗ್ಗಿದಾಗ ಚೂಡಿದಾರದ ಪ್ಯಾಂಟು ಹಿಂದುಗಡೆ ಬಿಟ್ಟುಕೊಳ್ಳಬಹುದಿತ್ತು. ಅದಕ್ಕೆಂದೇ ಹಿಂದಿನ ಸಂಜೆ ಇನ್ನೊಂದು ಹೊಲಿಗೆ ಓಡಿಸಿದ್ದೆ. ಉಸಿರು ಬಿಗಿಹಿಡಿದಾಗ ನಾಲ್ಕು ಹನಿ ಮೂತ್ರ ಜಾರಬಹುದಿತ್ತು. ಐವತ್ತು ದಾಟಿದವರು ಇದಕ್ಕೆ ನಗುವುದಿಲ್ಲ, ದಾಟದವರು ಸ್ವಲ್ಪ ಕಾಯಿರಿ. ರಾಡು ಕಾಲ ಮೇಲೆ ಬಿದ್ದು ಹೆಬ್ಬೆರಳು ಜಜ್ಜಬಹುದಿತ್ತು. ಕಾಲು ತಪ್ಪಿಸಿಕೊಂಡರೆ ನೆಲದ ಟೈಲ್ಸ್ ಒಡೆದು, ಅದರ ದುಡ್ಡನ್ನೂ ನನ್ನಿಂದಲೇ ವಸೂಲು ಮಾಡಬಹುದಿತ್ತು. ಯಾರಾದರೂ ವಿಡಿಯೋ ಮಾಡಿ, ನಾನು ಮನೆ ಮುಟ್ಟುವುದರೊಳಗೆ ಅದು ಬೀಗರ ಮೊಬೈಲು ಮುಟ್ಟಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ರಾಡು ನೆಲ ಬಿಟ್ಟು ಏಳದೆಯೇ ಇರಬಹುದಿತ್ತು.

ಕುಶಾಲನಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಹೊರಟಿದ್ದು ಒಂದು ಜಿಮ್ಮಿಗೆ, ಮೂವತ್ತು ಕಿಲೋ ಭಾರ ಎತ್ತಿ ಪಂದ್ಯ ಗೆಲ್ಲಲು. ಇಂಥ ಪಂದ್ಯ ಕಟ್ಟುವ ಹೆಂಗಸು ನಾನಲ್ಲ. ಹಾಲು ಉಕ್ಕುವ ಮೊದಲೇ ಒಲೆ ಒರೆಸುವ ಬಟ್ಟೆ ಹುಡುಕುವವಳು ನಾನು.

ಶುರುವಾದದ್ದು ಡಾಕ್ಟರಮ್ಮನಿಂದ. ಮುಟ್ಟು ನಿಂತ ಮೇಲೆ ನನ್ನ ಮೂಳೆ ತೆಳುವಾಗುತ್ತಿದೆ ಎಂದು ಅವರು ರಿಪೋರ್ಟು ನೋಡಿ ಹೇಳಿದರು. "ದಿನಾ ವಾಕಿಂಗ್ ಹೋಗ್ತೀನಿ ಮೇಡಂ" ಎಂದೆ, ಒಳ್ಳೆಯ ಮಾರ್ಕ್ಸ್ ಸಿಗುತ್ತದೆಂಬ ಆಸೆಯಿಂದ. "ಅದು ಹೃದಯಕ್ಕಾಯ್ತು. ಮೂಳೆಗೇನು ಕೊಟ್ರಿ? ಭಾರ ಎತ್ತಿ. ಆದ್ರೆ ಕಲಿತು ಎತ್ತಿ" ಎಂದರು.

ನನ್ನ ಅಮ್ಮ ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಮೇಲೆ ಕೊನೆಯವರೆಗೂ ಅವಳನ್ನು ಇಬ್ಬರು ಹಿಡಿದು ಕೂರಿಸಬೇಕಿತ್ತು. ಮಾತಿನಲ್ಲಿ ಯಾರಿಗೂ ತಗ್ಗದ ಹೆಂಗಸು, ಮಗ್ಗುಲು ಬದಲಿಸಲು "ಸ್ವಲ್ಪ ಬರ್ತೀಯಾ" ಎಂದು ಕೇಳುತ್ತಿದ್ದಳು. ಆ ದನಿ ನನ್ನ ಬಾಯಿಂದ ಬರಬಾರದು. ನನಗೆ ಬೇಕಾದದ್ದು ಇಷ್ಟೇ. ಸೊಂಟದ ಸುತ್ತಳತೆ ಏನಾದರೂ ಆಗಲಿ.

ಹಾಗಂತ ಅದುವರೆಗೆ ಖರ್ಚು ಮಾಡದವಳೇನಲ್ಲ. ಹೊಟ್ಟೆಗೆ ಕಟ್ಟುವ ಬೆಲ್ಟು, ಬೊಜ್ಜು ಕರಗಿಸುವ ಚಹಾ, ಮೊಬೈಲಿನಲ್ಲಿ ಡ್ಯಾನ್ಸ್ ಕಲಿಸುವ ಕ್ಲಾಸು, ಎಲ್ಲ ಆಗಿತ್ತು. ಚಹಾ ಕರಗಿಸಿದ್ದು ನನ್ನ ಪರ್ಸನ್ನು. ನಮ್ಮಂಥವರಿಗೆ ಮಾರುವವರು ಮೊದಲು ನಾಚಿಕೆ ಮಾರುತ್ತಾರೆ, ಆಮೇಲೆ ಅದಕ್ಕೆ ಔಷಧಿ. ಈ ಸಲ ನಾಚಿಕೆಗೆ ಒಂದು ಪೈಸೆಯೂ ಕೊಡುವುದಿಲ್ಲವೆಂದು ತೀರ್ಮಾನಿಸಿಯೇ ಜಿಮ್ಮಿನ ಮೆಟ್ಟಿಲು ಹತ್ತಿದ್ದೆ.

ಕಲಿಸುವವನು ನನ್ನ ಮಗಳ ವಯಸ್ಸಿನ ಹುಡುಗ, ಕೆಟ್ಟವನಲ್ಲ. "ಲೇಡೀಸ್ ಬ್ಯಾಚಿಗೆ ವರ್ಷದ ಪ್ಯಾಕೇಜ್ ಇದೆ ಆಂಟಿ. ಸೈಕಲ್ಲು, ಅಲ್ಲಾಡ್ಸೋ ಬೆಲ್ಟು, ಸ್ಟೀಮು, ಎಲ್ಲಾ ಸೇರಿ."

"ಆ ಕಬ್ಬಿಣದ ರಾಡು?"

"ಅದು ಜೆಂಟ್ಸಿಗೆ. ನಿಮ್ಗೆ ಸೊಂಟ ಹಿಡ್ಕೊಂಡ್ರೆ ಅಂಕಲ್ ಬಂದು ನನ್ನ ಕತ್ತು ಹಿಡ್ಕೋತಾರೆ."

"ನಂಗೆ ಬೇಕಾಗಿರೋದು ಅದೊಂದೇ ಕಣಪ್ಪಾ. ತಿಂಗಳಿಗೊಂದು ಕ್ಲಾಸು ಹೇಳ್ಕೊಡು, ಆ ಕ್ಲಾಸಿಗೆ ಮಾತ್ರ ದುಡ್ಡು ಕೊಡ್ತೀನಿ. ಮಿಕ್ಕಿದ್ದು ಮನೇಲಿ ಮಾಡ್ಕೋತೀನಿ. ಅಲ್ಲಾಡೋದಕ್ಕೆ ನಮ್ಮೂರಿನ ಬಸ್ಸಿದೆ."

ಅವನು ನಕ್ಕ. ನಕ್ಕು ಪಂದ್ಯ ಹಾಕಿದ. ಒಂದು ಕ್ಲಾಸು ಕಲಿಸುತ್ತಾನೆ. ಮಳೆ ಹಿಡಿಯುವುದರೊಳಗೆ ನಾನು ಬಂದು ಮೂವತ್ತು ಕಿಲೋ ಎತ್ತಿದರೆ ನಾನು ಹೇಳಿದ ಲೆಕ್ಕ. ಎತ್ತದಿದ್ದರೆ ವರ್ಷದ ಪ್ಯಾಕೇಜು, ಬೆಲ್ಟೂ ಸೇರಿ. ಹೂಂ ಎಂದುಬಿಟ್ಟೆ.

ಆ ಒಂದು ಕ್ಲಾಸಿಗೆ ಕೊಟ್ಟ ದುಡ್ಡು ಸಾರ್ಥಕವಾಯಿತು. "ಬೆನ್ನು ಬಗ್ಗಿಸ್ಬೇಡಿ ಆಂಟಿ. ಎರಡೂ ಕೈಲಿ ಬಿಂದಿಗೆ ಇದ್ದಾಗ ಬಾಗ್ಲನ್ನ ಹಿಂದ್ಗಡೆಯಿಂದ ತಳ್ತೀರಲ್ಲ, ಹಾಗೆ ಸೊಂಟ ಹಿಂದಕ್ಕೆ ತಳ್ಳಿ" ಎಂದ. ಅಷ್ಟು ಸಾಕಾಯಿತು.

ನಮ್ಮದು ಶಿರಂಗಾಲದ ಕಡೆ ಶುಂಠಿ ಬೆಳೆಯುವ ಮನೆ. ನಮ್ಮಲ್ಲಿ ಶುಂಠಿಯ ಮೂಟೆ ಎಂದರೆ ಅರವತ್ತು ಕಿಲೋ. ಅರ್ಧ ಮೂಟೆ ಎಂದರೆ ನನ್ನ ಪಂದ್ಯದ ಭಾರ. ಕೆಲವು ವಾರ ಸಣ್ಣ ಅಕ್ಕಿ ಚೀಲದಲ್ಲಿ ಬಾಗುವುದನ್ನು ಕಲಿತೆ. ಆಮೇಲೆ ಬಿತ್ತನೆಗೆ ಆಗದೆಂದು ಆರಿಸಿ ತೆಗೆದಿದ್ದ ಶುಂಠಿಯನ್ನು ಗೋಣಿಗೆ ತುಂಬಿ, ಸರಿಯಾಗಿ ಮೂವತ್ತು ಕಿಲೋ ತೂಗಿ, ಬಾಯಿ ಹೊಲಿದು ಶೆಡ್ಡಿನಲ್ಲಿ ಇಟ್ಟುಕೊಂಡೆ. ಗೋಣಿಯ ಎರಡು ಕಿವಿ ಹಿಡಿದು ಎತ್ತು, ಇಳಿಸು. ಮೊದಮೊದಲು ಅದು ಹಟ ಹಿಡಿದ ಕರುವಿನಂತೆ ಮೇಲೇಳುತ್ತಲೇ ಇರಲಿಲ್ಲ.

"ಏನೇ ಇದು, ಲೋಡಿಂಗಿಗೆ ಜನ ಸಿಗ್ತಿಲ್ಲ, ಲಾರಿ ಹತ್ರ ಬಾ" ಎಂದರು ನಮ್ಮೆಜಮಾನರು.

"ಕೂಲಿ ಮೊದ್ಲು ಕೈಗಿಡ್ರೀ, ಆಮೇಲೆ ಬರ್ತೀನಿ."

ವಾರ ಕಳೆದಂತೆ ಗೋಣಿ ಸಲೀಸಾಯಿತು. ಬೇಸಿಗೆ ಏರಿದಂತೆ ಇನ್ನೂ ಸಲೀಸು. ಕನ್ನಡಿಯ ಮುಂದೆ ತೋಳು ಮಡಿಸಿ ನೋಡಿಕೊಂಡದ್ದೂ ಉಂಟು. ಬಾಗಿಲು ಹಾಕಿಕೊಂಡೇ.

ಹೀಗೆ ಬಸ್ಸಿಳಿದು ಜಿಮ್ಮಿಗೆ ಹೋದೆ. ಲೇಡೀಸ್ ಬ್ಯಾಚಿನವರೆಲ್ಲ ಇದ್ದರು. ಹುಡುಗ ರಾಡಿಗೆ ಎರಡು ಕಡೆ ಭಾರದ ತಟ್ಟೆ ಏರಿಸಿದ. ಬಿಂದಿಗೆ, ಬಾಗಿಲು ನೆನೆಸಿಕೊಂಡು ಸೊಂಟ ಹಿಂದಕ್ಕೆ ತಳ್ಳಿ ಎಳೆದೆ. ರಾಡು ಅಲ್ಲಾಡಲಿಲ್ಲ. ಮನೆಯಲ್ಲಿ ಹೂವಿನ ಬುಟ್ಟಿಯಂತೆ ಎತ್ತುತ್ತಿದ್ದೆನಲ್ಲ, ಇದೇಕೆ ಹೀಗೆ ನೆಲಕ್ಕೆ ಬೇರು ಬಿಟ್ಟಿದೆ?

"ಹೋಗ್ಲಿ ಬಿಡಿ ಆಂಟಿ, ಟ್ರೈ ಮಾಡಿದ್ರಲ್ಲ. ಪ್ಯಾಕೇಜಿಗೆ ಹೆಸರು ಬರ್ಕೊಳ್ಲಾ?"

"ಒಂದೇ ಸಲ ಅಂತ ಪಂದ್ಯದಲ್ಲಿತ್ತಾ? ಸರಿ ಅತ್ಲಾಗೆ."

ಬೆಲ್ಟಿನಲ್ಲಿ ಅಲ್ಲಾಡುತ್ತಿದ್ದ ಹೆಂಗಸೊಬ್ಬಳು ಅದನ್ನು ನಿಲ್ಲಿಸಿ, "ಅಕ್ಕಾ, ಉಸಿರು ತಗೊಂಡು ಎತ್ರೀ" ಎಂದಳು. ತೆಗೆದುಕೊಂಡೆ. ಹಿಮ್ಮಡಿ ಒತ್ತಿದೆ. ಅಮ್ಮನ ಮಂಚ ಕಣ್ಣ ಮುಂದೆ ಬಂತು, ಸಿಟ್ಟೂ ಬಂತು. ರಾಡು ನೆಲ ಬಿಟ್ಟಿತು, ಮಂಡಿ ದಾಟಿತು, ನಾನು ನೆಟ್ಟಗೆ ನಿಂತೆ.

"ಸಾಕು ಆಂಟಿ, ಇಳಿಸಿ, ಇಳಿಸಿ!"

"ಆಂಟಿ ಅನ್ನೋದು ನಿಲ್ಸು, ಇಳಿಸ್ತೀನಿ."

"ಆಯ್ತು ಮೇಡಂ, ಇಳಿಸಿ."

ಇಳಿಸಿದೆ, ಸದ್ದಾಗದಂತೆ. ಬೆಲ್ಟಿನ ಹೆಂಗಸು ಹತ್ತಿರ ಬಂದು, "ಮುಂದಿನ್ ತಿಂಗಳು ನಾನೂ ಬರ್ಲಾ ಅಕ್ಕಾ? ಕ್ಲಾಸಿನ ದುಡ್ಡು ಅರ್ಧ ಅರ್ಧ ಹಾಕೋಣ" ಎಂದಳು. ಹುಡುಗನ ಮುಖ ನೋಡಿದೆ. ಅವನು ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಶೆಡ್ಡಿಗೆ ಹೋಗಿ ನನ್ನ ಗೋಣಿಯನ್ನು ತೂಕದ ಯಂತ್ರದ ಮೇಲಿಟ್ಟೆ. ಇಪ್ಪತ್ತೆರಡು ಕಿಲೋ. ನಮ್ಮೆಜಮಾನರು ಇಣುಕಿ ನೋಡಿ, ಗೋಡೆ ಹಿಡಿದು ನಕ್ಕರು. ಮದುವೆಯಾದಾಗಿನಿಂದ ಶುಂಠಿಯ ಮನೆಯಲ್ಲಿದ್ದೇನೆ. ಕಿತ್ತ ಶುಂಠಿ ಇಟ್ಟಲ್ಲೇ ಒಣಗಿ ತೂಕ ಇಳಿಯುತ್ತದೆಂದು ಪ್ರತಿ ವರ್ಷ ವ್ಯಾಪಾರಿಯನ್ನು ಅವಸರಪಡಿಸುವವಳು ನಾನೇ. ಇಷ್ಟೆಲ್ಲ ಹೆದರಿದ್ದಕ್ಕೆ ಕೆಟ್ಟದ್ದೆಂದು ಆದದ್ದು ಅದೊಂದೇ: ಬೇಸಿಗೆಯುದ್ದಕ್ಕೂ ತೂಕ ಇಳಿಸಿಕೊಂಡದ್ದು ಗೋಣಿ.